ಕುಂದರಾಕ ಹೊತ್ತಿಲ್ಲದ ಕಾಕಾ

ನಮ್ಮ ಎದುರುಮನೆಯ ಕಾಕಾ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಅದೂ ಅವರಾಗಿ ಕೂತದ್ದಲ್ಲ, ನಾಲ್ಕು ಜನ ಸೇರಿ ಕೂಡಿಸಿದ್ದು. ಪಡಸಾಲೆಯ ಗೋಡೆಗೆ ಆನಿಸಿ, ಹಣೆ ತುಂಬ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ ಕೂಡಿಸಿದ್ದರು. ಲಿಂಗಾಯತರ ಮನೆಯಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ಹೀಗೇ ಕೂಡಿಸುತ್ತಾರೆ. ಎಷ್ಟೋ ಮಂದಿಯನ್ನು ಹಾಗೆ ನೋಡಿ ಕೈಮುಗಿದು ಬಂದವನು ನಾನು. ಕಾಕಾರನ್ನು ನೋಡಿದಾಗ ಮಾತ್ರ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಈ ಮನುಷ್ಯನಿಗೆ ಕೂತು ರೂಢಿಯಿಲ್ಲ, ಯಾಕೆ ಸುಮ್ಮನೆ ತ್ರಾಸು ಕೊಡುತ್ತೀರಿ, ಎಬ್ಬಿಸಿ ಎಂದು ಕೂಗಬೇಕೆನ್ನಿಸಿತು.

ಗುಡಗೇರಿಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಕಿರಾಣಿ ಅಂಗಡಿಯಿದೆ. ಕಾಕಾ ದಿನಕ್ಕೊಮ್ಮೆಯಾದರೂ ಬರುವವರು. ಬಂದಾಗಲೆಲ್ಲ ಸ್ಟೂಲು ಸರಿಸಿ ಕೊಡುತ್ತಿದ್ದೆ. "ಇರಲಿ ಬಿಡಲೇ ತಮ್ಮಾ, ಹೊಂಟೆ ನಾ," ಅನ್ನುತ್ತ ಒಂದು ತಾಸು ಮಾತಾಡುತ್ತಿದ್ದರು. ನಿಂತು ಮಾತಾಡುತ್ತಿದ್ದರು ಎಂದರೂ ತಪ್ಪೇ. ಸಕ್ಕರೆಯ ಚೀಲದಿಂದ ಶೇಂಗಾದ ಚೀಲಕ್ಕೆ, ಶೇಂಗಾದ ಚೀಲದಿಂದ ಬಾಗಿಲಿಗೆ, ಬಾಗಿಲಿಂದ ಮತ್ತೆ ಸಕ್ಕರೆಗೆ. ಪ್ರತಿ ಸುತ್ತಿಗೂ ಒಂದೊಂದು ಶೇಂಗಾಕಾಳು ಬಾಯಿಗೆ ಹೋಗುತ್ತಿತ್ತು. ಚಹಾ ಕುಡಿಯುವುದೂ ತಿರುಗುತ್ತಲೇ. ಉಣ್ಣುವಾಗಲೂ ರೊಟ್ಟಿ ಸುತ್ತಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ಅಡ್ಡಾಡುತ್ತಾರೆಂದು ಅವರ ಹೆಂಡತಿ, ನಾನು ಚಿಗವ್ವ ಎಂದು ಕರೆಯುವವರು, ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. "ನಾಯಿಗೆ ಕೆಲಸಿಲ್ಲ, ಕುಂದರಾಕ ಹೊತ್ತಿಲ್ಲ ಅಂತಾರಲ್ಲ, ಆ ಗಾದಿ ಮಾಡಿದಾವ ನಮ್ಮನಿಯವರನ್ನ ನೋಡೇ ಮಾಡಿರಬೇಕು ನೋಡು."

ಗಾದೆ ಅಲ್ಲಿ ಸುಮ್ಮನೆ ಬಂದದ್ದಲ್ಲ. ಆ ಮನೆಯಲ್ಲಿ ನಾಯಿಗಳಿದ್ದವು. ಬೀದಿನಾಯಿಗಳಲ್ಲ, ಅಪ್ಪಟ ಮುಧೋಳ ತಳಿಯವು. ಕಾಕಾರ ತಂದೆ ಹೊಲಕ್ಕೆ ನುಗ್ಗುವ ಹಂದಿಗಳ ಕಾಟ ತಾಳದೆ ಮುಧೋಳದ ಕಡೆಯಿಂದ ಒಂದು ಜೋಡಿ ತಂದಿದ್ದರಂತೆ. ತಂದೆಗೆ ಅದು ಹೊಲದ ಕಾವಲು, ಮಗನಿಗೆ ಅದು ಹುಚ್ಚಾಯಿತು. ಯಾವ ನಾಯಿಯ ಅವ್ವ ಯಾವುದು, ಅಜ್ಜಿ ಯಾವುದು, ಅಜ್ಜಿಯ ಅಕ್ಕ ಯಾರ ಮನೆಗೆ ಹೋಯಿತು, ಎಲ್ಲ ಬಾಯಿಪಾಠ. ಸ್ವಂತ ಸೋದರತ್ತೆಯ ಮೊಮ್ಮಗ ಎದುರು ಬಂದು ನಿಂತು ನಕ್ಕರೆ ಮಾತ್ರ, "ನೀವು ಯಾರ ಪೈಕಿರಿ?" ಎಂದು ಕೇಳುತ್ತಿದ್ದರು.

ಈ ತಳಿಯ ನಾಯಿಗಳನ್ನು ನೋಡಿದವರಿಗೆ ಗೊತ್ತು, ಉದ್ದ ಕಾಲು, ಉದ್ದ ಮೋರೆ, ಒಳಗೆ ಸೇರಿದ ಹೊಟ್ಟೆ, ಎಣಿಸಿಕೊಳ್ಳಬಹುದಾದ ಪಕ್ಕೆಲುಬು. ಅವು ಇರುವುದೇ ಹಾಗೆ. ಊರಿಗೆ ಹೊಸಬರು ಯಾರೇ ಬರಲಿ, ಅಂಗಳದಲ್ಲಿ ನಿಂತು ಮರುಕದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾಕ್ರಿ, ಇದಕ್ಕ ಕೂಳು ಹಾಕೂದಿಲ್ಲೇನ್ರಿ?" ಕಾಕಾರಿಗೆ ಮೈಯೆಲ್ಲ ಉರಿಯುತ್ತಿತ್ತು. ಕುಂದಗೋಳದ ಬಸ್ಸಿನ ಕಂಡಕ್ಟರನೊಬ್ಬ ಜೊತೆಗಿದ್ದ ನಾಯಿ ನೋಡಿ ಹಾಗೆ ಕೇಳಿದ್ದಕ್ಕೆ ಬಸ್ಸಿನಿಂದ ಇಳಿದು ನಡೆದು ಬಂದಿದ್ದರು. "ಓಟಗಾರನ ಹೊಟ್ಟಿ ನೋಡಿ ಉಪವಾಸ ಅದಾನ ಅಂತಾರೇನಲೇ ಯಾರರ?" ಎಂದು ನನ್ನ ಅಂಗಡಿಯ ಮುಂದೆ ನಿಂತು ಆ ಕಂಡಕ್ಟರನ ಪಾಲಿನ ಬೈಗುಳವನ್ನೆಲ್ಲ ನನಗೆ ಒಪ್ಪಿಸಿದರು.

ಕೂಳಿಗೇನೂ ಕಡಿಮೆಯಿರಲಿಲ್ಲ. ಜೋಳದ ನುಚ್ಚು, ಮಜ್ಜಿಗೆ, ಹಾಲು. ಆದರೆ ಪ್ರದರ್ಶನಕ್ಕೆ ಒಯ್ಯುವ ನಾಯಿಯ ಮೈ ಮಿಂಚಬೇಕೆಂದರೆ ಮೊಟ್ಟೆ ಬೇಕು, ನಮ್ಮ ಕಡೆಯ ಮಾತಲ್ಲಿ ತತ್ತಿ. ಚಿಗವ್ವನ ಮನೆಯಲ್ಲಿ ತತ್ತಿಯೆಂದರೆ ಮುಗಿಯಿತು, ಆ ಶಬ್ದವನ್ನು ಸಹ ಅವರು ನಾಲಿಗೆಯ ಮೇಲೆ ತರುತ್ತಿರಲಿಲ್ಲ. ಕಾಕಾ ನನ್ನ ಅಂಗಡಿಯಿಂದ ತತ್ತಿ ಒಯ್ಯುತ್ತಿದ್ದರು, ಬಟ್ಟೆಯ ಚೀಲದಲ್ಲಿ, ಮೇಲೆ ಒಂದು ಹಿಡಿ ಕೊತ್ತಂಬರಿ ಹರಡಿಕೊಂಡು. ಹಿತ್ತಲಿನ ಬೇವಿನ ಮರದ ಕೆಳಗೆ ಮೂರು ಕಲ್ಲಿಟ್ಟು, ಬೇರೆಯದೇ ಪಾತ್ರೆಯಲ್ಲಿ ಕುದಿಸಿ ಹಾಕುತ್ತಿದ್ದರು. ಓಣಿಗೆಲ್ಲ ಗೊತ್ತಿತ್ತು. ಚಿಗವ್ವನಿಗೂ ಗೊತ್ತಿತ್ತು. "ಕೊತ್ತಂಬ್ರಿ ಭಾಳ ತರ್ತಾರ ನಿಮ್ಮ ಕಾಕಾ, ಸಾರಿನ್ಯಾಗ ಮಾತ್ರ ಒಂದ ಎಲಿ ಕಾಣವಲ್ದು," ಎಂದು ಒಮ್ಮೆ ನನ್ನ ಮೋರೆಯನ್ನೇ ನೋಡುತ್ತ ಹೇಳಿದರು. ನಾನು ತಕ್ಕಡಿ ಒರೆಸತೊಡಗಿದೆ.

ನಾಯಿಗಳಿಗೂ ಚಿಗವ್ವನಿಗೂ ನಡುವೆ ಒಂದು ಕರಾರು ಇತ್ತು. ಅವು ತಲಬಾಗಿಲು ದಾಟುತ್ತಿರಲಿಲ್ಲ, ಇವರು ಅವನ್ನು ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ನಾಯಿಯ ಮೈಮೇಲೂ ಕೈಯಾಡಿಸಿದವರಲ್ಲ. ದಿನವೂ ಲಿಂಗಪೂಜೆ ಮಾಡುವವರು, ಮಡಿಯ ಮನುಷ್ಯರು. ಅವರದೇನೂ ತಪ್ಪಿಲ್ಲ. ಆದರೆ ಇದೇ ಕಾಕಾರ ಒಳಗಿನ ಮುಳ್ಳು. ಒಮ್ಮೆ ಸುತ್ತು ಹಾಕುವುದನ್ನು ನಿಲ್ಲಿಸದೆ ಹೇಳಿದರು: "ಊರ ಮಂದೆಲ್ಲಾ ಮುಟ್ಟಿ ಭೇಷ್ ಅಂತಾರ. ಮನ್ಯಾಕಿ ಒಮ್ಮಿ ಮುಟ್ಟಿದ್ರ ನನಗ ಬ್ಯಾರೆ ಕಪ್ ಬ್ಯಾಡಾಗಿತ್ತು ನೋಡು."

ಊರ ಮಂದಿಯೆಲ್ಲ ಮುಟ್ಟುವುದು ಹೇಗೆ ಬಂತೆಂದರೆ, ಈ ನಾಯಿಗಳಿಗೆ ಅಪರಿಚಿತರ ಕೈ ಆಗಿಬರುವುದಿಲ್ಲ. ಡಾಗ್ ಶೋದಲ್ಲಿ ಜಡ್ಜ್ ಬಂದು ಬೆನ್ನು ಸವರಬೇಕು, ತುಟಿ ಎತ್ತಿ ಹಲ್ಲು ನೋಡಬೇಕು, ಕಾಲಿನ ಕೀಲು ಹಿಡಿದು ನೋಡಬೇಕು. ನಾಯಿ ಗುರ್ರೆಂದರೆ ಅಥವಾ ಸರಿದರೆ ಅಲ್ಲಿಗೆ ಆಟ ಮುಗಿಯಿತು. ಅದಕ್ಕೆ ಕಾಕಾ ಕಂಡುಕೊಂಡ ಉಪಾಯ ಇದು: ಮನೆಗೆ ಯಾರೇ ಬರಲಿ, ನೀರು ಕೊಡುವ ಮೊದಲು ನಾಯಿ ಮುಟ್ಟಿಸುವುದು. ಕರೆಂಟ್ ಬಿಲ್ಲಿನವನು, ಬೀಜದ ಏಜೆಂಟ, ಲಗ್ನಪತ್ರಿಕೆ ಕೊಡಲು ಬಂದ ನೆಂಟರು, ಯಾರನ್ನೂ ಬಿಡುತ್ತಿರಲಿಲ್ಲ. "ಮುಟ್ರಿ, ಮುಟ್ರಿ, ಹೆದರಬ್ಯಾಡ್ರಿ. ಬೆನ್ನ ಮ್ಯಾಲ ಕೈ ಇಡ್ರಿ. ಹಾಂ. ಈಗ ಹಲ್ಲ ನೋಡ್ರಿ." ಸಂತೆಯ ದಿನ ಗದ್ದಲ ರೂಢಿಯಾಗಲೆಂದು ಮೆಣಸಿನಕಾಯಿ ರಾಶಿಗಳ ನಡುವೆ ನಾಯಿ ಹಿಡಿದು ನಡೆಸುತ್ತಿದ್ದರು. ನಾಯಿ ಸೀನುತ್ತಿತ್ತು, ವ್ಯಾಪಾರದವರು ಬೈಯುತ್ತಿದ್ದರು, ಕಾಕಾರಿಗೆ ಎರಡೂ ಕೇಳಿಸುತ್ತಿರಲಿಲ್ಲ.

ಅವರ ಮಗಳನ್ನು ನೋಡಲು ಅಣ್ಣಿಗೇರಿಯಿಂದ ಗಂಡಿನ ಕಡೆಯವರು ಬಂದ ದಿನ ನಾನೂ ಅಲ್ಲಿದ್ದೆ. ಬಂದವರು ಕಾಲು ತೊಳೆದುಕೊಂಡು ಇನ್ನೂ ಮೇಲೆ ಹತ್ತಿಲ್ಲ, ಕಾಕಾ ನಾಯಿ ಹಿಡಿದುಕೊಂಡು ಬಂದೇಬಿಟ್ಟರು. ಗಂಡಿನ ಸೋದರಮಾವ ಎರಡು ಹೆಜ್ಜೆ ಹಿಂದೆ ಸರಿದು ತುಳಸಿಕಟ್ಟೆಗೆ ಡಿಕ್ಕಿ ಹೊಡೆದ. ಹುಡುಗ ಮಾತ್ರ ಅಂಗಿಯ ತೋಳು ಮಡಚಿ, ಬೆನ್ನು ಸವರಿ, ತುಟಿ ಎತ್ತಿ ನೋಡಿ, "ಹಲ್ಲು ಭಾಳ ಚೊಲೋ ಅದಾವ್ರಿ ಮಾವಾರ," ಅಂದ. ಇನ್ನೂ ಹೆಣ್ಣಿನ ಮೋರೆ ನೋಡಿಲ್ಲ, ಆಗಲೇ ಮಾವಾರ! ಕಾಕಾ ಒಳಗೆ ಮೋರೆ ಮಾಡಿ, "ಏ, ಉಪ್ಪಿಟ್ಟು ತರ್ರಿ, ವರಾ ಪಾಸ್ ಆಗ್ಯಾನ," ಎಂದು ಕೂಗಿದರು. ಅಡಿಗೆಮನೆಯಿಂದ ಹುಡುಗಿ ನಕ್ಕದ್ದು ನಮಗೆಲ್ಲ ಕೇಳಿಸಿತು. ಚಿಗವ್ವ ಬಾಗಿಲಿಗೆ ಬಂದು, "ನನ್ನ ಮಗಳಿಗೆ ಗಂಡ ನೋಡಾಕತ್ತೀರೋ, ನಾಯಿಗೆ ಜಡ್ಜ್ ನೋಡಾಕತ್ತೀರೋ?" ಅಂದರು. ಆ ಸಂಬಂಧವೇ ಗಟ್ಟಿಯಾಯಿತು. ಹುಡುಗ ಒಳ್ಳೆಯವನು, ಸುಳ್ಳೇಕೆ ಹೇಳಲಿ.

ಮಗಳ ಮದುವೆಯಾಗುವ ತನಕ ಪ್ರತಿ ರವಿವಾರ ಸಂಜೆ ಆ ಮನೆಯ ಅಂಗಳವೇ ಒಂದು ಡಾಗ್ ಶೋ. ಮಗಳು ರಂಗೋಲಿ ಪುಡಿಯಿಂದ ದೊಡ್ಡದೊಂದು ವರ್ತುಲ ಬರೆಯುತ್ತಿದ್ದಳು. ಅದರ ನಡುವೆ ನಾಯಿ ನಿಲ್ಲಿಸುವುದು, ಮುಂಗಾಲು ನೆಟ್ಟಗೆ, ಹಿಂಗಾಲು ತುಸು ಹಿಂದೆ, ಕುತ್ತಿಗೆ ಮೇಲೆ. ಕಾಕಾ ಮದುವೆಯ ಕೋಟು ಹಾಕಿಕೊಂಡು ಜಡ್ಜ್ ಆಗುತ್ತಿದ್ದರು. ಹೊಲದಿಂದ ಬಂದ ಮಗ ಚಪ್ಪಾಳೆ ತಟ್ಟಬೇಕು, ಸೊಸೆ ತಾಟು ಬಡಿಯಬೇಕು, ನಾನು ಕೆಮ್ಮಬೇಕು, ಸೀಟಿ ಹೊಡೆಯಬೇಕು. ಇಷ್ಟಾದರೂ ನಾಯಿ ಅಲುಗಬಾರದು. ನನಗೆ ಅಂಗಡಿ ಇದೆ, ಕೆಲಸವಿದೆ ಎಂದರೆ ಯಾರು ಕೇಳುತ್ತಾರೆ? ಚಿಗವ್ವ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತ ನಮಗೆ ಬೆನ್ನು ತಿರುಗಿಸಿ ಕೂತಿರುತ್ತಿದ್ದರು. ತಮಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ. ಆದರೆ ನಡುವೆಯೇ, "ಎಡಕಿನ ಹಿಂಗಾಲು ಒಳಗ ಸರದೈತಿ," ಎಂದು ಜೋಳಕ್ಕೆ ಹೇಳುವ ಹಾಗೆ ಹೇಳುತ್ತಿದ್ದರು. ನೋಡಿದರೆ ಸರಿದಿರುತ್ತಿತ್ತು.

ಶೋದಲ್ಲಿ ಮಗಳು ನಾಯಿಯ ಹಗ್ಗ ಹಿಡಿದಾಗ ಎರಡನೆಯ, ಮೂರನೆಯ ನಂಬರು ಬರುತ್ತಿತ್ತು. ಅವಳು ಅಣ್ಣಿಗೇರಿಗೆ ಹೋದ ಮೇಲೆ ಕಾಕಾರೇ ಹಗ್ಗ ಹಿಡಿದರು, ಅಲ್ಲಿಂದ ಮುಂದೆ ಏನೂ ಬರಲಿಲ್ಲ. ನಾಯಿ ನಿಲ್ಲುತ್ತಿತ್ತು, ಇವರು ನಿಲ್ಲುತ್ತಿರಲಿಲ್ಲ. ಒಂದು ಕಾಲು ಎತ್ತುವರು, ಒಂದು ಕಾಲು ಇಡುವರು, ಕೊರಳ ಪಟ್ಟಿ ಮುಟ್ಟುವರು, ಟೊಪ್ಪಿಗೆ ಸರಿಮಾಡಿಕೊಳ್ಳುವರು. ಆ ಚಡಪಡಿಕೆ ಹಗ್ಗದಲ್ಲಿ ಇಳಿದು ನಾಯಿಯ ಮೈಗೆ ಹೋಗುತ್ತಿತ್ತು. "ಕಾಕಾ, ಗೂಟದಂಗ ನಿಂದರ್ರಿ ಒಂದ್ ನಿಮಿಷ," ಎಂದು ನಾನು ರಿಂಗಿನ ಸುತ್ತ ಕಟ್ಟಿದ ಹಗ್ಗದಾಚೆಯಿಂದ ಹಲ್ಲು ಕಡಿಯುತ್ತಿದ್ದೆ. ನಾಯಿಗಳನ್ನು ಶೋಗೆ ಪ್ರತಿಸಲ ಒಯ್ಯುತ್ತಿದ್ದದ್ದು ನನ್ನ ವ್ಯಾನಿನಲ್ಲೇ. ವಾರಗಟ್ಟಲೆ ಸಕ್ಕರೆಯ ಚೀಲಗಳಿಂದ ನಾಯಿಗೂದಲು ಆರಿಸುವ ಕರ್ಮ ನನ್ನದು.

ಹೀಗಿರುವಾಗ ಎರಳಿ ಹುಟ್ಟಿದಳು. ಗೋದಿಬಣ್ಣದ ಹೆಣ್ಣುಮರಿ. ನಮ್ಮ ಎರೆಹೊಲಗಳಲ್ಲಿ ಓಡುವ ಎರಳೆಯ, ಅಂದರೆ ಚಿಗರೆಯ, ಹಾಗೆ ಕಾಲು, ಹಾಗೇ ಕಣ್ಣು, ಅದಕ್ಕೇ ಆ ಹೆಸರು. ನಾಯಿಯೆಂದರೆ ಮೂಗು ಮುರಿಯುವ ನಾನೂ ಒಂದು ಗಳಿಗೆ ನಿಂತು ನೋಡಿದೆ ಎಂದರೆ ನೀವೇ ತಿಳಿದುಕೊಳ್ಳಿ. ಕಾಕಾರಿಗಂತೂ ನೆಲ ಕಾಣಲಿಲ್ಲ. ಇಷ್ಟು ವರ್ಷದ ತಳಿಯೆಲ್ಲ ಹರಿದು ಬಂದು ಇವಳಲ್ಲಿ ನಿಂತಿದೆ, ಇವಳಿಗೆ ಒಂದನೆಯ ನಂಬರು ಬರದಿದ್ದರೆ ಯಾವುದಕ್ಕೆ ಬರಬೇಕು ಎಂದು ಹಗಲೆಲ್ಲ ಅದೇ ಮಾತು.

ಎರಳಿಗೆ ಎರಡು ವರ್ಷ ತುಂಬುವಷ್ಟರಲ್ಲಿ, ಹಳೆಯ ನಾಯಿಗಳೆಲ್ಲ ಹೋಗಿ ಅವಳೊಬ್ಬಳೇ ಉಳಿದಿದ್ದಾಗ, ಕಾಕಾರಿಗೆ ಎದೆ ಹಿಡಿಯಿತು. ಹುಬ್ಬಳ್ಳಿಯ ಡಾಕ್ಟರರು ಓಡುವಂತಿಲ್ಲ, ಬಿಸಿಲಲ್ಲಿ ತಿರುಗುವಂತಿಲ್ಲ ಎಂದರು. "ಆರಾಮ ಕೂತು ಮೊಮ್ಮಕ್ಕಳನ್ನ ಆಡಿಸ್ರಿ ಯಜಮಾನ್ರ," ಅಂದರು. ಕೂತು! ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಎರಳಿಯನ್ನು ಹಿಡಿದು ಸ್ಟೇಷನ್ನಿನ ತನಕ ಹೋಗಿ ಏದುಸಿರು ಬಿಡುತ್ತ ನನ್ನ ಅಂಗಡಿಯ ಕಂಬ ಹಿಡಿದು ನಿಂತಿದ್ದರು. ನಾನು ಬೈದೆ. ಅವರು ಶೇಂಗಾ ತಿಂದರು.

ಅವತ್ತು ಸಂಜೆ ಚಿಗವ್ವ ನನ್ನನ್ನು ಕರೆಸಿದರು. ಕಟ್ಟೆಯ ಮೇಲೆ ಕೂತು, ಅಂಗಳದಲ್ಲಿ ತಿರುಗುತ್ತಿದ್ದ ಗಂಡನಿಗೆ ನನ್ನೆದುರೇ ಹೇಳಿದರು.

"ತಮ್ಮಾ, ನೀನ ಸಾಕ್ಷಿ. ಬರೂ ತಿಂಗಳು ಹುಬ್ಬಳ್ಳ್ಯಾಗ ನಾಯಿ ಪ್ರದರ್ಶನ ಐತಂತ. ಅದೊಂದ ಸಲ ಹೋಗಿ ಬರ್ರಿ. ಒಂದನೇ ನಂಬರ್ ಬಂತಂದ್ರ ಎರಳಿ ಇರಲಿ, ನಾ ತುಟಿ ಪಿಟಕ್ ಅನ್ನೂದಿಲ್ಲ. ಬರಲಿಲ್ಲಂದ್ರ ಅದು ಬ್ಯಾರೆಯವರ ಮನಿಗೆ ಹೋಗಬೇಕು, ನೀವು ಈ ಕಟ್ಟಿ ಮ್ಯಾಲ ಕುಂದರಬೇಕು. ನನಗ ನಾಯಿ ಮ್ಯಾಲ ಸಿಟ್ಟಿಲ್ರಿ. ನೀವು ಉಳದ್ರ ಸಾಕು ನನಗ."

ಕಾಕಾ ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು ಹಾಕಿದರು. "ಆತು, ಮಾತಾತು," ಅಂದರು. ಒಮ್ಮೆ ಮಾತು ಕೊಟ್ಟರೆ ಮುಗಿಯಿತು, ಆ ಮನೆತನದಲ್ಲಿ ಮಾತು ತಪ್ಪಿದವರಿಲ್ಲ. ಆ ಒಂದು ತಿಂಗಳು ನಾನು ಸಹ ಸರಿಯಾಗಿ ನಿದ್ದೆ ಮಾಡಲಿಲ್ಲ. ನನ್ನದೇನು ಹೋಗುತ್ತಿತ್ತು? ಏನೂ ಇಲ್ಲ. ಆದರೂ ಸಂಜೆಯಾದರೆ ಅಂಗಡಿಯನ್ನು ಹೆಂಡತಿಗೆ ಬಿಟ್ಟು ಆ ಅಂಗಳದಲ್ಲಿ ಸೀಟಿ ಹೊಡೆಯುತ್ತಿದ್ದೆ.

ಹೊರಡುವ ದಿನ ಬೆಳಿಗ್ಗೆ ವ್ಯಾನು ತೊಳೆದು ಅವರ ಬಾಗಿಲಿಗೆ ತಂದು ನಿಲ್ಲಿಸಿದೆ. ಆ ಮನೆಯಲ್ಲೊಂದು ಪದ್ಧತಿ. ದೊಡ್ಡ ಕೆಲಸಕ್ಕೆ ಹೊರಟವರು ಯಾರೇ ಆಗಲಿ, ಪರೀಕ್ಷೆಗೆ ಹೋಗುವ ಮಗ, ಕೋರ್ಟಿಗೆ ಹೋಗುವ ಗಂಡ, ಬಿತ್ತನೆಗೆ ಹೊರಟ ಎತ್ತು, ಚಿಗವ್ವನ ಮುಂದೆ ಬಂದು ನಿಲ್ಲಬೇಕು. ಅವರು ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಮೂರು ಬೆರಳಿಂದ ಹಣೆಗೆ ಎಳೆಯಬೇಕು. ಅದಾದ ಮೇಲೆಯೇ ಹೊರಗೆ ಕಾಲಿಡುವುದು. ಕಾಕಾ ಬಂದು ಬಗ್ಗಿದರು, ಚಿಗವ್ವ ಹಚ್ಚಿದರು. ನಾನು ಬಗ್ಗಿದೆ, ನನಗೂ ಹಚ್ಚಿದರು. ಬಟ್ಟಲು ಒಳಗಿಡಲು ತಿರುಗಿದವರು ತಲಬಾಗಿಲಲ್ಲೇ ತಡೆದರು. ವ್ಯಾನಿನ ಹಿಂದಿನ ಬಾಗಿಲು ತೆರೆದಿತ್ತು. ಎರಳಿ ಚಾದರದ ಮೇಲೆ ನಿಂತು ಇವರನ್ನೇ ನೋಡುತ್ತಿದ್ದಳು.

ಚಿಗವ್ವ ಮೆಟ್ಟಿಲಿಳಿದು ಬಂದರು. ಬಲಗೈಯ ಮೂರು ಬೆರಳನ್ನು ಬಟ್ಟಲಲ್ಲಿ ಅದ್ದಿ, ಎಡಗೈಯಿಂದ ನಾಯಿಯ ಗದ್ದ ಹಿಡಿದು, ಹಣೆಯ ಮೇಲೆ ಎಳೆದರು. ಅಪರಿಚಿತರ ಕೈಗೆ ಗುರ್ರೆನ್ನುವ ತಳಿಯ ಎರಳಿ ಕಣ್ಣು ಮುಚ್ಚಿ ನಿಂತಳು. "ಹೋಗಿ ಬಾರವಾ. ಅವರನ್ನ ಓಡಸಬ್ಯಾಡ," ಎಂದು ನಾಯಿಗೇ ಹೇಳಿ ಚಿಗವ್ವ ಒಳಗೆ ಹೋದರು. ನಾನು ಕಾಕಾರತ್ತ ನೋಡಿದೆ. ಮನುಷ್ಯ ಅಂಗಳದಲ್ಲಿ ನೆಟ್ಟ ಹಾಗೆ ನಿಂತಿದ್ದರು. ಸುತ್ತೂ ಇಲ್ಲ, ಗಿತ್ತೂ ಇಲ್ಲ.

ಕಾಕಾ ವ್ಯಾನಿನಲ್ಲೂ ಕೂಡಲಿಲ್ಲ, ಎರಳಿಯ ಬಾಜು ಸೀಟು ಹಿಡಿದು ಬಗ್ಗಿ ನಿಂತೇ ಬಂದರು. ದಾರಿಯಲ್ಲಿ ಒಮ್ಮೆ, "ಕಿಡಕಿ ಏರಸಲೇ, ಗಾಳಿಗೆ ಉದುರತೈತಿ," ಅಂದರು. ನಾನು ಗಾಜು ಏರಿಸಿದೆ. ಒಳಗೆ ನಾಯಿಯ ವಾಸನೆ, ವಿಭೂತಿಯ ವಾಸನೆ, ನನ್ನ ಬೆವರು. ಗೋದಿಬಣ್ಣದ ಹಣೆಯ ಮೇಲೆ ಮೂರು ಗೆರೆ ಒಣಗಿ ಬೆಳ್ಳಗೆ ಎದ್ದು ಕಾಣುತ್ತಿದ್ದವು.

ರಿಂಗಿನಲ್ಲಿ ಎರಳಿ ನಿಂತ ನಿಲುವು ನೋಡಬೇಕಿತ್ತು! ಕಾಕಾರೂ ಅವತ್ತು ಅಲುಗಲಿಲ್ಲ, ಬೆಳಗಿನ ಆ ನಿಲುವನ್ನೇ ಅಲ್ಲಿಗೂ ತಂದಿದ್ದರು. ಜಡ್ಜ್ ಮೈಸೂರು ಕಡೆಯ ಮಾತಿನ ಹಿರಿಯರು. ಸಾಲಿನಲ್ಲಿ ಎಲ್ಲರನ್ನೂ ನೋಡುತ್ತ ಬಂದು ಎರಳಿಯ ಮುಂದೆ ಬಹಳ ಹೊತ್ತು ನಿಂತರು. ಬೆನ್ನು ಸವರಿದರು, ಹಲ್ಲು ನೋಡಿದರು. ನಮ್ಮ ಹುಡುಗಿ ಅಲ್ಲಾಡಲಿಲ್ಲ. ನಾನು ರಿಂಗಿನ ಹಗ್ಗವನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ತುಂಬಾ ಚೆನ್ನಾಗಿದೆ ಯಜಮಾನ್ರೆ, ಅಪರೂಪದ ನಾಯಿ. ಹಣೆ ಮೇಲಿರೋದನ್ನ ಒರೆಸಿಬಿಡಿ," ಅಂದರು ಜಡ್ಜ್.

"ಅದು ವಿಭೂತಿರಿ."

"ಗೊತ್ತು, ನಮ್ಮನೇಲೂ ಹಚ್ಕೋತೀವಿ. ಆದ್ರೆ ರಿಂಗ್ ಒಳಗೆ ನಾಯಿ ಮೈಮೇಲೆ ಪುಡಿ, ಬಣ್ಣ ಏನೂ ಇರಬಾರದು. ನಿಯಮ ಎಲ್ರಿಗೂ ಒಂದೇ. ಒರೆಸಿ, ನಾನು ಕಾಯ್ತೀನಿ."

ಪಾಪ, ಅವರು ಕಾಯುತ್ತೇನೆಂದರು. ಅವರ ಮೇಲೆ ಒಂದು ಮಾತು ಆಡುವ ಹಾಗಿಲ್ಲ. ಸಹಾಯಕನೊಬ್ಬ ಒದ್ದೆ ಬಟ್ಟೆ ತಂದು ಕಾಕಾರ ಕೈಗಿಟ್ಟ. ಕಾಕಾ ಬಟ್ಟೆಯನ್ನು ನೋಡಿದರು. ಬಗ್ಗಿ ಎರಳಿಯ ಹಣೆ ನೋಡಿದರು. ಕೈ ಅಲ್ಲಿಯವರೆಗೆ ಹೋಯಿತು, ನಿಂತಿತು.

"ಒರಸ್ರೀ ಕಾಕಾ!" ಎಂದು ನಾನು ಕೂಗಿದೆ. ಜನ ನನ್ನತ್ತ ನೋಡಿದರು. ನೋಡಲಿ! "ಒರಸ್ರೀ, ಏನ ಹೋಗತೈತಿ ಅದರಾಗ!"

ಕಾಕಾ ಬಟ್ಟೆಯನ್ನು ನೀಟಾಗಿ ಮಡಚಿ ಸಹಾಯಕನಿಗೆ ಮರಳಿ ಕೊಟ್ಟರು. ಜಡ್ಜ್‌ಗೆ ಕೈಮುಗಿದರು. "ಇದು ನಾ ಹಚ್ಚಿದ್ದಲ್ರಿ ಸಾಹೇಬ್ರ. ನಾ ಹೆಂಗ ಒರಸಲಿ?" ಅಂದವರೇ ಎರಳಿಯನ್ನು ಹಿಡಿದುಕೊಂಡು ರಿಂಗಿನಿಂದ ಹೊರಗೆ ಬಂದರು.

ಹುಬ್ಬಳ್ಳಿಯಿಂದ ಗುಡಗೇರಿಯ ತನಕ ಬೈದೆ. ತಲೆ ಕೆಟ್ಟೈತೇನ್ರಿ, ಕೈಗೆ ಬಂದದ್ದು ಬಾಯಿಗೆ ಬರದ ಹಾಗೆ ಮಾಡಿದಿರಲ್ಲ, ಇನ್ನು ಮನೆಗೆ ಹೋಗಿ ಎರಳಿಯನ್ನು ಕಳಿಸಬೇಕಲ್ಲ, ಅದರ ಮೋರೆಯನ್ನಾದರೂ ನೋಡಬಾರದೇ ಎಂದೆ. ಕಾಕಾ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಆಕಿ ಮುಟ್ಟಿದಾಗ ಎರಳಿ ಸರೀತೇನಲೇ?"

"ಇಲ್ಲರಿ."

"ಮತ್ತ?" ಅಂದು ಹೊರಗೆ ನೋಡತೊಡಗಿದರು. ಕಣ್ಣು ತುಂಬಿತ್ತು. ನನಗೆ ಇನ್ನೂ ಸಿಟ್ಟು ಬಂತು, ಯಾಕೆಂದರೆ ನನಗೂ ಹಾಗೇ ಆಗುತ್ತಿತ್ತು, ವ್ಯಾನು ಬೇರೆ ಓಡಿಸಬೇಕು.

ಮನೆಯಲ್ಲಿ "ಸೋತ್ವಿ" ಎಂಬ ಒಂದೇ ಶಬ್ದ ಹೇಳಿ ಕಾಕಾ ಹಿತ್ತಲಿಗೆ ಹೋದರು. ಮರುದಿನವೇ ಮುಧೋಳದ ಕಡೆಯ ಪರಿಚಯದವರಿಗೆ ಫೋನು ಮಾಡಿ ಬಂದು ಒಯ್ಯಿರೆಂದು ತಿಳಿಸಿದರು. ಆಮೇಲೆ ಶುರುವಾಯಿತು ನೋಡಿ ಅವರ ತಿರುಗಾಟ. ಬೇವಿನ ಮರದ ಸುತ್ತ ನೆಲದಲ್ಲಿ ದಾರಿ ಬಿತ್ತು. ಚಿಗವ್ವ ಎರಡು ದಿನ ತಡೆದು ಅಂಗಡಿಗೆ ಬಂದರು. "ಖರೆ ಹೇಳು ತಮ್ಮಾ, ಏನಾತು ಅಲ್ಲಿ? ಇವರ ಮಾರಿ ಸೋತು ಬಂದವರ ಮಾರಿ ಹಂಗ ಇಲ್ಲ." ಕಾಕಾ ಹೇಳಬೇಡ ಎಂದಿದ್ದರು. ನಾನು ಹೇಳಿದೆ. ಇಂಥದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿ ನನ್ನದಲ್ಲ.

ಚಿಗವ್ವ ಸ್ಟೂಲಿನ ಮೇಲೆ ಕೂತುಬಿಟ್ಟರು. ಸೆರಗಿನಿಂದ ಮೋರೆ ಒರೆಸಿಕೊಂಡರು. ಮತ್ತೆ ಧಡಕ್ಕನೆ ಎದ್ದು ರಸ್ತೆ ದಾಟಿ ಹಿತ್ತಲಿಗೆ ಹೋದರು. ಅಲ್ಲಿಂದ ಕೇಳಿದ ದನಿ ಇಡೀ ಓಣಿಗೆ ಕೇಳಿರಬೇಕು.

"ಏನ್ ಮನುಷ್ಯಾರ್ರೀ ನೀವು! ಬಟ್ಟಲ ತುಂಬ ಐತಿ ಮನ್ಯಾಗ ವಿಭೂತಿ! ಒರಸಿ, ಗೆದ್ದು ಬಂದಿದ್ರ ನಾ ಮತ್ತ ಹಚ್ಚತಿದ್ದಿಲ್ಲೇನು? ಇಷ್ಟ ತಿಳೀಲಿಲ್ಲೇನ್ರೀ ನಿಮಗ?"

ಕಾಕಾ ಏನು ಹೇಳಿದರೋ ಕೇಳಿಸಲಿಲ್ಲ. ರವಿವಾರ ಮುಧೋಳದ ಕಡೆಯವರು ಗಾಡಿ ತಂದರು. ಚಿಗವ್ವ ಅವರಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಹೋಳಿಗೆ ಬಡಿಸಿದರು. "ನಿಮ್ಮನ್ನ ಊಟಕ್ಕ ಕರದಿದ್ದು ಅಷ್ಟರಿ. ನಾಯಿ ಕೊಡೂದಿಲ್ಲ," ಅಂದರು. ಬಂದವರು ಬಾಯಿ ತೆರೆದು ಕಾಕಾರನ್ನು ನೋಡಿದರು. "ನನ್ನ ನೋಡಬ್ಯಾಡ್ರಿ, ನಂದೇನೂ ನಡಿಯೂದಿಲ್ಲ ಇಲ್ಲೆ," ಎಂದು ಕಾಕಾ ಅಂಗಳದಲ್ಲಿ ಸುತ್ತು ಹಾಕಿದರು. ಅಷ್ಟು ಖುಷಿಯಿಂದ ಅವರು ಸೋತದ್ದನ್ನು ನಾನು ನೋಡಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಕಾಕಾ ಹೋದರು. ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳದಲ್ಲಿ ತಿರುಗುತ್ತಿದ್ದವರು ತುಳಸಿಕಟ್ಟೆ ಹಿಡಿದು ಕುಸಿದರು. ಓಡಿದ್ದೂ ಇಲ್ಲ, ಏರಿದ್ದೂ ಇಲ್ಲ. ಡಾಕ್ಟರರ ಮಾತು, ಚಿಗವ್ವನ ಮಾತು, ಎಲ್ಲ ಪಾಲಿಸಿಯೇ ಹೋದರು, ಕೂಡುವುದೊಂದನ್ನು ಬಿಟ್ಟು. ಗೋಡೆಗೆ ಆನಿಸಿ ಕೂಡಿಸಿದ ಮೇಲೆ ಚಿಗವ್ವ ಅವರ ಹಣೆಯನ್ನು ನೋಡುತ್ತ, "ಈಗ ಹೆಂಗ ಕುಂತೀರಿ," ಎಂದು ಅತ್ತರು. ಹಿತ್ತಲಿನಲ್ಲಿ ಎರಳಿ ಅವತ್ತೆಲ್ಲ ಬೇವಿನ ಮರ ಸುತ್ತುತ್ತಿದ್ದಳು. ಕಾಕಾ ಮಾಡಿಟ್ಟ ದಾರಿಯಲ್ಲೇ.

ದಿನಕರ್ಮ ಮುಗಿದ ಮೇಲೆ ಮಗ ಮೆಲ್ಲಗೆ ಮಾತು ತೆಗೆದ. ಹೊಲದ ಕೆಲಸವೇ ತನಗೆ ಸಾಕಷ್ಟಿದೆ, ನಾಯಿಯನ್ನು ನೋಡಿಕೊಳ್ಳುವವರು ಯಾರು, ಒಳ್ಳೆಯ ಮನೆ ನೋಡಿ ಎರಳಿಯನ್ನು ಕೊಟ್ಟುಬಿಡೋಣ ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. "ಒಮ್ಮಿ ಹುಬ್ಬಳ್ಳಿಗೆ ಹೋಗಿ ಬರತೇವಿ. ಒಂದನೇದು ಬರಲಿಲ್ಲಂದ್ರ ಕೊಡೂಣು," ಅಂದರು ಚಿಗವ್ವ. ಚಳಿ ಬೀಳುತ್ತಲೇ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಬಂದು ನಿಂತರು. ಹಿಂದೆ ಅಣ್ಣಿಗೇರಿಯಿಂದ ಬಂದ ಮಗಳು.

"ವ್ಯಾನು ತಗಿ ತಮ್ಮಾ."

ಮಗಳೇ ಹಗ್ಗ ಹಿಡಿಯುತ್ತಾಳೆಂದು ತಿಳಿದಿದ್ದೆ. ಆದರೆ ಕಾಕಾ ಹೋದಾಗಿನಿಂದ ಎರಳಿಗೆ ನುಚ್ಚು ಹಾಕುತ್ತಿದ್ದವರು ಚಿಗವ್ವ. ಅವರನ್ನು ಬಿಟ್ಟು ಅದು ಮತ್ತೊಬ್ಬರ ಬಾಜು ನಿಲ್ಲಲೊಲ್ಲದು. ರಿಂಗಿನ ಬಾಗಿಲಿಗೆ ಬಂದಾಗ ಮಗಳು ಹಗ್ಗವನ್ನು ಅವ್ವನ ಕೈಗೆ ಕೊಟ್ಟಳು. ಇಲಕಲ್ಲ ಸೀರೆ, ತಲೆಯ ಮೇಲೆ ಸೆರಗು, ಕಾಲಲ್ಲಿ ಚಪ್ಪಲಿ. ಸುತ್ತಲೂ ಬೂಟು ಪ್ಯಾಂಟಿನ ಹುಡುಗರು. ಎರಳಿಯ ಹಣೆಯಲ್ಲಿ ಬೆಳಿಗ್ಗೆ ಹಚ್ಚಿದ ಮೂರು ಗೆರೆ. ನಾನು ಎರಡು ಹೆಜ್ಜೆ ಮುಂದೆ ಹೋದೆ. ಬಾಯಿ ತೆರೆಯುವಷ್ಟರಲ್ಲಿ ಚಿಗವ್ವ ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ, ಮಗುವಿನ ಮೋರೆ ಒರೆಸುವ ಹಾಗೆ ನಾಯಿಯ ಹಣೆಯನ್ನು ಒರೆಸಿದರು. ತಿಕ್ಕಿ ತಿಕ್ಕಿ ಒರೆಸಿದರು.

"ನೋಡು, ಇಷ್ಟ. ನಿಮ್ಮ ಕಾಕಾಗ ಇಷ್ಟ ಬರಲಿಲ್ಲ," ಅಂದು ಒಳಗೆ ಹೋದರು.

ಓಡಿಸಬೇಕಾದಾಗ ಓಡಿದರು, ಸೀರೆಯ ನಿರಿಗೆ ಒಂದು ಕೈಯಲ್ಲಿ, ಹಗ್ಗ ಒಂದು ಕೈಯಲ್ಲಿ. ನಿಲ್ಲಿಸಬೇಕಾದಾಗ ನಿಂತರು. ಎರಳಿಯೂ ನಿಂತಳು, ಹಿಂಗಾಲು ಒಂದಿಷ್ಟೂ ಒಳಗೆ ಸರಿಯಲಿಲ್ಲ. ಹಗ್ಗದಾಚೆ ಯಾರೋ ನನ್ನ ಭುಜ ಹಿಡಿದು, "ಏನ್ರಿ ನೀವು, ಆವಾಗಿಂದ ಅತ್ತಾಗ ಇತ್ತಾಗ, ಅತ್ತಾಗ ಇತ್ತಾಗ. ಒಂದ ಕಡೆ ನಿಂದರ್ರಿ, ನಮಗ ಕಾಣವಲ್ದು," ಅಂದರು. ಆಗಲೇ ನನಗೂ ತಿಳಿದದ್ದು.

ಎರಡನೆಯ ನಂಬರು ಬಂತು. ಒಂದನೆಯದು ಬೆಳಗಾವಿ ಕಡೆಯ ಗಂಡು ನಾಯಿಗೆ ಹೋಯಿತು. ಚಿಗವ್ವ ಕಪ್ಪನ್ನು ಮಗಳ ಕೈಗೆ ಕೊಟ್ಟು ಸೊಂಟದ ಸಂಚಿಯಿಂದ ವಿಭೂತಿ ತೆಗೆದರು. ಬಗ್ಗಿ ಎರಳಿಯ ಹಣೆಗೆ ಎಳೆದರು, ಮೊದಲಿಗಿಂತ ದಪ್ಪಗೆ. ನನಗೆ ತಡೆಯಲಾಗಲಿಲ್ಲ.

"ಒಂದನೇದು ಬರಲಿಲ್ಲಲ್ರಿ ಚಿಗವ್ವಾ. ಮಗಗ ಮಾತು ಕೊಟ್ಟೀರಿ. ಈಗೇನ್ ಮಾಡೂದು?"

"ಮಾತಿಗೆ ಅಂಟಿಕೊಂಡು ನಿಂದರಾವರು ಹೋದ್ರು," ಅಂದರು ಚಿಗವ್ವ. ವ್ಯಾನಿನಲ್ಲಿ ಎರಳಿಯ ಪಕ್ಕಕ್ಕೇ ಹತ್ತಿ ಕೂತು, ಅದರ ಬೆನ್ನ ಮೇಲೆ ಕೈಯಿಟ್ಟರು. "ನಡಿ, ಹಸದೈತಿ ಇದು. ನಿನ್ನ ಅಂಗಡ್ಯಾಗ ತತ್ತಿ ಅದಾವೋ ಇಲ್ಲೋ?"

ಅದಾವ್ರಿ ಅಂದೆ. ಹಿಂದಿನ ಸೀಟಿನಲ್ಲಿ ಮಗಳು ಅವ್ವನ ಮೋರೆಯನ್ನೇ ನೋಡುತ್ತಿದ್ದಳು.

"ಕೊಡು ಮತ್ತ. ಮ್ಯಾಲ ಕೊತ್ತಂಬ್ರಿ ಹಾಕಬ್ಯಾಡ."